ಶನಿವಾರದ ರೊಟ್ಟಿ

ಮೊದಲ ಇಬ್ಬನಿ ಹೆಪ್ಪುಗಟ್ಟಿ ಎರಡು ದಿನವಾಗಿತ್ತು. ಗಂಡಸರು ಹೊಲದಲ್ಲಿ ಮುಸುಕಿನ ಜೋಳದ ತೆನೆ ಮುರಿಯುತ್ತಿದ್ದರು. ಹೆಂಗಸರು ಸಂತ ವೆಂಡೆಲಿನ್ ಶಾಲೆಯ ನೆಲಮಾಳಿಗೆಯಲ್ಲಿ ಕೋಸು ಹೆರೆಯುತ್ತಿದ್ದರು. ಸಿಸ್ಟರುಗಳ ಚಳಿಗಾಲಕ್ಕೆ ಹುಳಿಕೋಸು ಹಾಕಿಡುವುದು ನೆಬ್ರಾಸ್ಕಾದ ಆ ಊರಿನಲ್ಲಿ ಪ್ರತಿ ಅಕ್ಟೋಬರಿನ ಕೆಲಸ. ಒಂದು ಪದರ ಕೋಸು, ಒಂದು ಹಿಡಿ ಉಪ್ಪು, ಮತ್ತೆ ಕೋಸು. ಭರಣಿಗಳು ನಿಧಾನವಾಗಿ ತುಂಬುತ್ತಿದ್ದವು.

ಈ ಸಲ ಕೆಲಸದ ನಡುವೆ ಓದೂ ಇತ್ತು. ಶಾಲೆಗೆ ಐವತ್ತು ತುಂಬುತ್ತಿತ್ತು. ಅದರ ಚರಿತ್ರೆ ಬರೆಯುವ ಭಾರ ಅಂಚೆ ಕಚೇರಿಯ ಲೋನಿ ಕೆರ್ಸ್ಟಿಂಗ್ ಮೇಲೆ ಬಿದ್ದಿತ್ತು. ನಾಳೆ ಹಾಳೆಗಳು ಅಚ್ಚಿಗೆ ಹೋಗಬೇಕು. ಬೋರಲು ಹಾಕಿದ ಖಾಲಿ ಭರಣಿಯ ಮೇಲೆ ಕುಳಿತು ಅವಳು ಗಟ್ಟಿಯಾಗಿ ಓದುತ್ತಿದ್ದಳು.

"೧೯೧೮ರ ಆಗಸ್ಟ್ ಹದಿಮೂರರ ಸಂಜೆ ಹಾರ್ಲನ್ ಪೀಕ್ ಎಂಬಾತ ನಮ್ಮ ಹಳೆಯ ಶಾಲೆಗೆ ಬೆಂಕಿಯಿಟ್ಟನು. ಜರ್ಮನಿಯೊಡನೆ ಯುದ್ಧ ನಡೆದಿರುವಾಗ ಇಲ್ಲಿ ಜರ್ಮನ್ ಕಲಿಸುತ್ತಾರೆಂಬ ದ್ವೇಷದಿಂದ ಆ ವಸಂತದಲ್ಲೇ ಆತ ಶಾಲೆಯ ಬಾಗಿಲಿಗೆ ದೇಶದ್ರೋಹಿಗಳ ಗುರುತಾದ ಹಳದಿ ಬಣ್ಣ ಬಳಿದಿದ್ದನು."

"ಎಂಬಾತ ಯಾಕೆ? ಎಂಬ ಪಾಪಿ ಅಂತ ಹಾಕು," ಎಂದಳು ವಾಲ್ಬರ್ಗಾ ಅತ್ತೆ, ಉಪ್ಪು ಎರಚುತ್ತ.

"ಚರಿತ್ರೆ ಅತ್ತೆ ಇದು. ಬೈಗುಳ ಅಲ್ಲ."

"ನಿಜ ಹೇಳೋದು ಯಾವಾಗಿಂದ ಬೈಗುಳ ಆಯ್ತೇ? ಸಿಡಿಲು ಹೊಡೆದು ಹೊತ್ಕೊಂಡಿರಬೇಕು ಅಂತ ಅವನ ವಕೀಲ ಹೇಳಿದ್ನಂತೆ. ಸಿಡಿಲು! ನಮ್ಮೂರಿಗೆ! ಗುಡುಗಿದ್ರೆ ಮನೆಮನೇಲೂ ಪಾದ್ರಿಗಳು ಮಂತ್ರಿಸಿಕೊಟ್ಟ ಮೇಣದಬತ್ತಿ ಹಚ್ತೀವಿ. ಒಂದು ಕೋಳಿಗೂಡಿಗೂ ಸಿಡಿಲು ಬಿದ್ದಿಲ್ಲ."

ಹೆಂಗಸರು ನಕ್ಕರು. ಸಿಸ್ಟರ್ ಬೆನಿಗ್ನಾ ಮಾತ್ರ ತಲೆಯೆತ್ತದೆ ಕೋಸು ಹೆರೆಯುತ್ತಿದ್ದರು. ಸುಟ್ಟ ಶಾಲೆಯ ಜಾಗದಲ್ಲಿ ಈ ಶಾಲೆಯನ್ನು ಎಬ್ಬಿಸಿದವರು ಅವರೇ. ಇದರ ಒಂದು ಕಿಟಕಿಗೂ ಪರದೆ ಹಾಕಲು ಬಿಟ್ಟವರಲ್ಲ. ಮಕ್ಕಳ ಕಣ್ಣಿಗೆ ಬೆಳಕು ಬೇಕು ಎನ್ನುವರು. ಜೈಲಿನಿಂದ ಮರಳಿ ಊರಾಚೆ ಒಂಟಿಯಾಗಿದ್ದ ಹಾರ್ಲನ್‌ಗೆ ಪ್ರತಿ ಶನಿವಾರ ಒಂದು ರೈ ರೊಟ್ಟಿ ಕಳಿಸುವವರೂ ಊರಿಗೆಲ್ಲ ಅವರೊಬ್ಬರೇ. ಶತ್ರುವನ್ನು ಪ್ರೀತಿಸುವುದೆಂದರೆ ಹೀಗೆ ಎಂದು ಪಾದ್ರಿಗಳು ಎರಡು ಸಲ ಪ್ರಸಂಗದಲ್ಲಿ ಹೇಳಿದ್ದರು.

"ಲೋನಿ, ಆ ಪುಟ ಬೇಡ," ಎಂದರು ಸಿಸ್ಟರ್.

"ನಿಜ ಬರೀಬೇಕು ಅಂತ ಕಲಿಸಿದ್ದು ನೀವೇ ಅಲ್ವಾ ಸಿಸ್ಟರ್?"

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಟೋಪಿ ಕೈಯಲ್ಲಿ ಹಿಡಿದು ಹಾರ್ಲನ್ ಪೀಕ್ ನಿಂತಿದ್ದ. ಇಪ್ಪತ್ತು ವರ್ಷದಲ್ಲಿ ಅವನು ಈ ಬಾಗಿಲು ದಾಟಿದ್ದು ಇದೇ ಮೊದಲು.

"ಏನಪ್ಪಾ, ಬಣ್ಣದ ಡಬ್ಬ ಮರೆತು ಬಂದ್ಯಾ?" ಎಂದಳು ವಾಲ್ಬರ್ಗಾ.

ಅವನು ಲೋನಿಯನ್ನೇ ನೋಡಿದ. "ಪುಸ್ತಕ ಬರ್ತಿದೆ ಅಂತ ಗೊತ್ತಾಯ್ತು, ಲೋನಿಯಮ್ಮ. ನನ್ನ ಹೆಸರು ತೆಗೀರಿ. ನನ್ನ ಮಗಳು ಈಡಿತ್‌ಗೆ ಆರು ವರ್ಷ ಇದ್ದಾಗ ಅವಳಮ್ಮ ಕರ್ಕೊಂಡು ಹೋದ್ಲು. ಈಗ ಕ್ರಿಸ್‌ಮಸ್‌ಗೆ ಬರ್ತೀನಿ ಅಂತ ಕಾಗದ ಬರೆದಿದ್ದಾಳೆ. ಊರಿನ ಮಾತು ಊರಿನವರ ಜೊತೆ ಮಣ್ಣಾಗುತ್ತೆ. ಅಚ್ಚಾದದ್ದು ಆಗಲ್ಲ. ಅವಳು ಓದ್ತಾಳೆ."

"ಮಾಡೋವಾಗ ಇರಲಿಲ್ವಾ ಈ ಬುದ್ಧಿ?" ಎಂದಳು ವಾಲ್ಬರ್ಗಾ.

"ಬಣ್ಣ ಬಳಿದದ್ದು ನಾನೇ. ಅದಕ್ಕೆ ನಾಚಿಕೆ ಇದೆ. ಬೆಂಕಿ ನಾನಿಟ್ಟಿಲ್ಲ. ಮಳೆಗೆ ಮುಂಚೆ ಮನೆ ಸೇರೋಣ ಅಂತ ಗಾಡಿ ಹೊಡ್ಕೊಂಡು ಈ ದಾರೀಲಿ ಹೋದೆ. ಮೇಲಿನ ಕಿಟಕೀಲಿ ಬೆಳಕು ಕಾಣಿಸ್ತು. ಜಡ್ಜ್ ಮುಂದೂ ಅದನ್ನೇ ಹೇಳ್ದೆ."

"ಸಿಸ್ಟರುಗಳೆಲ್ಲ ದೊಡ್ಡ ಮಠಕ್ಕೆ ಧ್ಯಾನಕ್ಕೆ ಹೋಗಿದ್ರು. ಬೀಗ ಹಾಕಿದ ಶಾಲೇಲಿ ಬೆಳಕಂತೆ! ದೆವ್ವ ಹಚ್ಚಿತ್ತಾ?" ವಾಲ್ಬರ್ಗಾ ನಕ್ಕಳು.

"ಯಾರು ಹಚ್ಚಿದ್ರೋ ಗೊತ್ತಿಲ್ಲ. ಮೂರು ವರ್ಷ ಜೈಲಲ್ಲಿ ಅದನ್ನೇ ಯೋಚಿಸ್ತಾ ಕೂತಿದ್ದೆ."

ಕೋರ್ಟಿನಲ್ಲಿ ಅವನು ಹೇಳಿದ್ದು ಲೋನಿಯ ಕಿವಿಗೆ ಬಿದ್ದದ್ದು ಇದೇ ಮೊದಲು. ಅವಳ ಮುಖ ಕೆಂಪೇರಿತು.

"ಅತ್ತೆ, ನಗಬೇಡಿ. ಅದೊಂದು ಮಾತು ಸುಳ್ಳಲ್ಲ. ಬೆಳಕಿತ್ತು."

"ಲೋನಿ, ಸಾಕು," ಎಂದರು ಸಿಸ್ಟರ್ ಬೆನಿಗ್ನಾ.

"ಇಲ್ಲ ಸಿಸ್ಟರ್. ಮಾಡಿದ ಒಳ್ಳೇದನ್ನ ಹೇಳ್ಕೋಬಾರದು, ಯಾರ ಹತ್ರವೂ ಬಾಯಿಬಿಡಬೇಡ ಅಂದ್ರಿ. ಇಪ್ಪತ್ತು ವರ್ಷ ಬಿಡ್ಲಿಲ್ಲ. ಚರಿತ್ರೇಲಿ ಇವರ ಕಡೆಯ ನಿಜವೂ ಇರಬೇಕಲ್ಲ?" ಅವಳು ಹಾರ್ಲನ್ ಕಡೆ ತಿರುಗಿದಳು. "ಆಗ ನಂಗೆ ಹತ್ತು ವರ್ಷ. ಹೂಕುಂಡಗಳಿಗೆ ನೀರು ಹಾಕು ಅಂತ ಸಿಸ್ಟರ್ ನನ್ನ ಕೈಗೆ ಬೀಗದಕೈ ಕೊಟ್ಟು ಹೋಗಿದ್ರು. ಗುಡುಗು ಶುರುವಾಯ್ತು. ಮಂತ್ರಿಸಿದ ಬತ್ತಿ ಹಚ್ಚಿ, ಮೇಲಿನ ಹೊಲಿಗೆ ಕೋಣೆಯ ಕಿಟಕೀಲಿಟ್ಟು, ದೇವರೇ ಶಾಲೆ ಕಾಪಾಡು ಅಂತ ಬೇಡ್ಕೊಂಡು, ಬೀಗ ಹಾಕಿ ಮನೆಗೆ ಓಡ್ದೆ. ಅಂಥಾ ಕಾವಲಿದ್ದ ಶಾಲೆಗೆ ಬೆಂಕಿ ಇಡೋಕೆ ನಿಮಗೆ ಕೈಯಾದ್ರೂ ಹೇಗೆ ಬಂತು?"

ಹೆರೆಯುವ ಸದ್ದು ನಿಂತಿತು. ವಾಲ್ಬರ್ಗಾಳ ಮುಷ್ಟಿಯಲ್ಲಿದ್ದ ಉಪ್ಪು ಭರಣಿಯ ಮೇಲೆ ಹಾಗೇ ಉಳಿಯಿತು.

"ಆ ಕಿಟಕಿಗೆ ಪರದೆ ಇತ್ತೇನಮ್ಮಾ?" ಹಾರ್ಲನ್ ಮೆತ್ತಗೆ ಕೇಳಿದ.

"ಇತ್ತು. ನಮ್ಮಮ್ಮ ಹೊಲಿದುಕೊಟ್ಟದ್ದು. ನೆಲದವರೆಗೆ ಬರ್ತಿತ್ತು," ಎಂದಳು ಲೋನಿ, ಈಗಲೂ ಅದೇ ಹೆಮ್ಮೆಯಲ್ಲಿ.

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಅಲ್ಲಿಂದ ಅವನ ಕಣ್ಣು ನೆಲಮಾಳಿಗೆಯ ಪರದೆಯಿಲ್ಲದ ಕಿಟಕಿಗೆ ಹೋಯಿತು. ಆಮೇಲೆ ಟೋಪಿ ಹಾಕಿಕೊಂಡು ಸಿಸ್ಟರ್ ಬೆನಿಗ್ನಾ ಕಡೆ ತಿರುಗಿದ.

"ಈ ಶನಿವಾರದಿಂದ ರೊಟ್ಟಿ ಕಳಿಸ್ಬೇಡಿ, ಸಿಸ್ಟರ್."