ಅಂಗೈಯಲ್ಲಿ ಐದು ಪದ

"ನಾನು ಆಗ ಹೇಳಿದ ಐದು ಪದ ಈಗ ನೀನು ಹೇಳಮ್ಮ," ಎಂದರು ಡಾಕ್ಟರು. ಚೆಂಡಿಗೆ ಹಾರಿ ಗೋಲ್‌ಕಂಬಕ್ಕೆ ತಲೆ ಬಡಿದು ಹದಿನೈದು ದಿನವಾಗಿತ್ತು. ಮಿದುಳಿಗೆ ವಿಶ್ರಾಂತಿ ಬೇಕೆಂದು ಕತ್ತಲೆ ಕೋಣೆಯಲ್ಲಿ ಹೊರಳಾಡಿ ಕಾಲೇಜು ತಂಡದ ಗೋಲ್‌ಕೀಪರಿಗೆ ಸಾಕುಸಾಕಾಗಿತ್ತು. ನಾಳೆ ಫೈನಲ್, ಈ ನೆನಪಿನ ಪರೀಕ್ಷೆ ದಾಟಿದರೆ ಆಡಬಹುದು.

ಅದಕ್ಕೇ ಡಾಕ್ಟರು ಪದ ಹೇಳುವಾಗ ಅವಳು ಮೇಜಿನ ಕೆಳಗೆ ಅಂಗೈಯಲ್ಲಿ ಗೀಚಿಕೊಂಡಿದ್ದಳು. ಕಾಲು ಕುಣಿಸುತ್ತಾ ಈಗ ಮೆಲ್ಲಗೆ ಇಣುಕಿದಳು. ಕೊಡೆ, ಬೀಗ, ಸೇಬು, ಏಣಿ, ಗಂಟೆ. ಅಕ್ಷರವೇನೋ ಅವಳದೇ. ಆದರೆ ಒಂದು ಪದವಾದರೂ ಕಿವಿಗೆ ಬಿದ್ದ ನೆನಪಿರಲಿಲ್ಲ. ಮತ್ತೆ ಮತ್ತೆ ಓದಿದಳು. ಯಾರದೋ ಮನೆಯ ಸಾಮಾನಿನ ಪಟ್ಟಿಯಂತಿತ್ತು.

ಅಂಗೈಯನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.

"ಕದ್ದು ಬರ್ಕೊಂಡಿದ್ದೆ ಸರ್. ಇದ್ರಲ್ಲಿ ಒಂದೂ ನೆನಪಿಲ್ಲ. ನಾಳೆ ಗೋಲಿಗೆ ಬೇರೆಯವರು ನಿಂತ್ಕೊಳ್ಳಲಿ."