ಈರುಳ್ಳಿ ಸಿಪ್ಪೆ ಬಣ್ಣದ ಲೇಸು

"ಕಟ್ಟಲ್ಲ ಅಂದ್ರೆ ಕಟ್ಟಲ್ಲ," ಎಂದಳು ಅಯೋಕಾ. "ಅವಳ ತಲೆಗೆ ನಾನು ಗೆಲೆ ಕಟ್ಟೋದಾ? ಕಿಟಕಿಗೆ ಬಟ್ಟೆ ಕಟ್ಟೋಕೆ ಚೆನ್ನಾಗಿ ಬರುತ್ತಲ್ಲ, ತಲೆಗೂ ತಾನೇ ಕಟ್ಕೊಳ್ಲಿ."

ಹೊರಗೆ ಶಾಮಿಯಾನದಡಿ ಡೋಲು ಶುರುವಾಗಿ ಅರ್ಧ ಗಂಟೆಯಾಗಿತ್ತು. ಅವ್ವನ ಎಂಬತ್ತೈದನೆಯ ಹುಟ್ಟುಹಬ್ಬ. ಇಬ್ಬರು ಹೆಣ್ಣುಮಕ್ಕಳೂ ಎಡಕ್ಕೊಬ್ಬಳು ಬಲಕ್ಕೊಬ್ಬಳು ಕುಣಿಯುತ್ತ ತನ್ನನ್ನು ಜನರ ಮುಂದೆ ಕರೆದೊಯ್ಯಬೇಕು ಅನ್ನುವುದೊಂದೇ ಅವಳ ಆಸೆ. ತಲೆಗೆ ಸುತ್ತುವ ಆ ಗೆಲೆ ಬಟ್ಟೆ ಕಟ್ಟಲು ಗೊತ್ತು ಮಾಡಿದ್ದ ಹೆಂಗಸು ಲೇಗೋಸಿನ ರಸ್ತೆಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದಳು. ಹಿರಿಯ ಮಗಳು ಇಬಿರೊಂಕೆ ಎರಡು ಗಜದ ಗಟ್ಟಿ ನೀಲಿ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬರಿತಲೆಯಲ್ಲಿ ಕೂತಿದ್ದಳು. ನಮ್ಮೂರು ಅಬೆವೊಕುಟದಲ್ಲಿ ಇಂಥ ದಿನ ಬರಿತಲೆಯಲ್ಲಿ ಹೊರಬರುವುದಕ್ಕಿಂತ ಹಿತ್ತಿಲ ಗೋಡೆ ಹಾರಿ ಓಡಿಹೋಗುವುದು ಮೇಲು. ಎಲೆಕೋಸಿನಂತೆ ಮಡಿಕೆ ಮೇಲೆ ಮಡಿಕೆ ಎಬ್ಬಿಸಿ ಗೆಲೆ ಕಟ್ಟುವ ಕೈ ಆ ಮನೆಯಲ್ಲಿ ಇದ್ದದ್ದು ಅಯೋಕಾಳಿಗೆ ಮಾತ್ರ. ಆ ಅಯೋಕಾ ಅಕ್ಕನ ಜೊತೆ ಮಾತು ಬಿಟ್ಟು ಐದು ವರ್ಷ.

ಕಾರಣ ಊರಿಗೇ ಗೊತ್ತು. ಮಗಳ ಮದುವೆಗೆ ನೆಂಟರೆಲ್ಲ ಉಡಲಿ ಎಂದು ಅಯೋಕಾ ಈರುಳ್ಳಿ ಸಿಪ್ಪೆ ಬಣ್ಣದ ಲೇಸು ಬಟ್ಟೆ ಆರಿಸಿದ್ದಳು. ನಮ್ಮಲ್ಲಿ ಹಾಗೇ, ಮದುವೆಮನೆಯ ಬಟ್ಟೆ ಉಟ್ಟವರೇ ಮನೆಯವರು. "ಇದನ್ನುಟ್ಟರೆ ಎಣ್ಣೆಗೆ ಹಾಕೋಕೆ ಹೆಚ್ಚಿಟ್ಟ ಈರುಳ್ಳಿ ಹಾಗೆ ಕಾಣ್ತೀನಿ" ಎಂದು ಇಬಿರೊಂಕೆ ಹಸಿರು ಉಟ್ಟು ಬಂದಳು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಪುಣ್ಯಾತ್ಗಿತ್ತಿ, ಆ ಲೇಸನ್ನು ಪರದೆ ಮಾಡಿ ಬೀದಿ ಕಡೆಯ ಕಿಟಕಿಗೆ ತೂಗುಹಾಕಿದಳು! "ನನ್ನ ಬಟ್ಟೆ ಉಡದವಳು ನನ್ನ ಮಗಳ ಮದುವೆಗೆ ಬಂದೇ ಇಲ್ಲ" ಎಂದಳು ಅಯೋಕಾ. ಅಲ್ಲಿಗೆ ಮಾತು ಮುಗಿಯಿತು.

ಅವ್ವ ಕೋಲು ಕುಟ್ಟಿದಳು. "ನೀವಿಬ್ರೂ ಬರಲ್ಲ ಅಂದ್ರೆ ನಾನೂ ಬರಲ್ಲ. ಅನ್ನ ಆರಿ ಕಲ್ಲಾಗ್ಲಿ. ಡೋಲಿನೋರು ಮನೆಗೆ ಹೋಗ್ಲಿ." ಹೀಗೆಂದು, ಅಯೋಕಾಳ ಕೈಲಿ ಆಗಲೇ ಕಟ್ಟಿಸಿಕೊಂಡಿದ್ದ ಗೆಲೆ, ಹವಳದ ಸರಗಳ ಸಮೇತ ಮಂಚದ ಮೇಲೆ ಮಲಗಿಯೇಬಿಟ್ಟಳು.

ಅಯೋಕಾ ಹಲ್ಲು ಕಡಿಯುತ್ತ ಹೋಗಿ ಅಕ್ಕನ ಬೆನ್ನ ಹಿಂದೆ ನಿಂತಳು. "ಅವ್ವಾ, ಆಯಮ್ಮಂಗೆ ಹೇಳು, ತಲೆ ಅಲ್ಲಾಡಿಸ್ಬಾರದು ಅಂತ."

"ತಲೆ ಒಳಗಂತೂ ಏನೂ ಇಲ್ಲ, ಹೊರಗಾದ್ರೂ ನೆಟ್ಟಗಿಟ್ಕೋ ಅಂತಿದಾಳೆ ಕಣೇ," ಎಂದಳು ಅವ್ವ ಮಲಗಿದಲ್ಲಿಂದಲೇ.

"ನಾನು ಅಷ್ಟೆಲ್ಲ ಹೇಳ್ಲಿಲ್ಲ!"

"ಮನಸ್ಸಲ್ಲಿತ್ತು. ಹೆತ್ತೋಳು ನಾನು, ನಂಗೆ ಗೊತ್ತಾಗಲ್ವಾ?"

"ಅವ್ವಾ, ಬಿಗಿ ಜಾಸ್ತಿ ಆಯ್ತು ಅಂತ ಹೇಳು," ಎಂದಳು ಇಬಿರೊಂಕೆ.

"ಇನ್ನೂ ಬಿಗಿ ಬೇಕಂತೆ."

ಅಯೋಕಾ ಐದು ವರ್ಷದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಎಳೆದಳು. ಇಬಿರೊಂಕೆಯ ಹುಬ್ಬುಗಳು ಹಣೆಯ ಮಧ್ಯದವರೆಗೂ ಏರಿ ಅಲ್ಲೇ ನಿಂತವು. ಗೆಲೆಯೇನೋ ಬಲು ಸೊಗಸಾಗಿ ಬಂತು. ಆದರೆ ಮುಖ! ಮೊಮ್ಮಗ ಹುಟ್ಟಿದ ಸುದ್ದಿ ಆಗಷ್ಟೇ ಕೇಳಿದವಳ ಮುಖ.

ಮೂವರೂ ಕುಣಿಯುತ್ತ ಹೊರಬಂದರು. ಜನರೆದುರಿಗೇ ಇಬಿರೊಂಕೆ ತಂಗಿಯತ್ತ ತಿರುಗಿ ಗುರಾಯಿಸಿದಳು. ಗುರಾಯಿಸುವುದಕ್ಕೆ ಹುಬ್ಬು ಇಳಿಯಬೇಕಲ್ಲ? ಅದು ಇಳಿಯಲೊಲ್ಲದು. ನೋಡಿದವರಿಗೆ ಕಂಡದ್ದು ತಂಗಿಯ ಮುಖ ನೋಡಿ ಅರಳಿದ ಅಕ್ಕ. "ಅಕ್ಕ ತಂಗಿ ಒಂದಾದ್ರು!" ಎಂದು ಡೋಲಿನವನು ಅದನ್ನೇ ಹಾಡು ಮಾಡಿ ಬಾರಿಸಿದ. ಹೆಂಗಸರು ಸಾಲುಗಟ್ಟಿ ಬಂದು ಇಬ್ಬರನ್ನೂ ಅಪ್ಪಿಕೊಂಡರು. "ಅಯ್ಯೋ, ಅದು ಖುಷಿ ಅಲ್ಲಾರೀ, ಬಿಗಿ!" ಎಂದು ಅಯೋಕಾ ಬಡಕೊಂಡರೂ ಆ ಗಲಾಟೆಯಲ್ಲಿ ಕೇಳುವವರು ಯಾರು? ನಡುವೆ ಕುಣಿಯುತ್ತಿದ್ದ ಅವ್ವ ಮಾತ್ರ ಎಳೆಯ ಹುಡುಗಿಯಾಗಿದ್ದಳು.

ಸಂಜೆ ನೆಂಟರು ಹೊರಟ ಮೇಲೆ ಮನೆಯ ಹೆಂಗಸರೆಲ್ಲ ಗೆಲೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಹಾಯಾಗಿ ತಲೆ ಕೆರೆದುಕೊಂಡರು. ಇಬಿರೊಂಕೆ ಬಿಚ್ಚಲಿಲ್ಲ.

"ತಲೆ ಸಿಡಿದುಹೋಗುತ್ತೆ ಕಣೇ, ತೆಗಿಯೇ," ಎಂದಳು ಅವ್ವ.

"ಕಟ್ಟಿದೋಳೇ ಬಿಚ್ಲಿ. ನಮ್ಮನೆಗೆ ಬಂದು ಬಿಚ್ಲಿ ಅಂತ ಹೇಳು."

"ಆ ಪರದೆ ಇರೋ ಮನೆ ಹೊಸಿಲು ನಾನು ತುಳಿಯಲ್ಲ ಅಂತ ಹೇಳು," ಎಂದಳು ಅಯೋಕಾ.

ಅವ್ವ ಈ ಸಲ ಒಂದು ಮಾತೂ ಸೇರಿಸಲಿಲ್ಲ. ಇಬ್ಬರ ಮುಖವನ್ನೂ ನೋಡಿದಳು. "ನಿಮ್ಮ ಮಾತು ಹೊತ್ತು ಹೊತ್ತು ನಂಗೆ ಸಾಕಾಯ್ತು. ನಾನು ಹೋದ್ಮೇಲೆ ಯಾರ ಕೈಲಿ ಹೇಳಿ ಕಳಿಸ್ತೀರೋ ಕಳಿಸಿ," ಎಂದು ಕೋಲೂರಿಕೊಂಡು ಒಳಗೆ ಹೋದಳು. ಇಬಿರೊಂಕೆಗೆ ಅದು ತಲೆನೋವಿಗಿಂತ ಹೆಚ್ಚು ನೋವು ಕೊಟ್ಟಿತು. ಆದರೂ ಹುಬ್ಬು ಮೇಲೇ ಇದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಮರುದಿನ ಬೆಳಗಾಗುತ್ತಲೇ ಅಯೋಕಾಳ ಮನೆಯ ಬಾಗಿಲು ಬಡಿದ ಸದ್ದು. ತೆಗೆದರೆ ಅಕ್ಕ. ನೀಲಿ ಗೆಲೆ ತಲೆಯ ಮೇಲೆ ಹಾಗೇ ಇತ್ತು, ಒಂದು ಪಕ್ಕಕ್ಕೆ ಸ್ವಲ್ಪ ವಾಲಿತ್ತು. ಗೋಡೆಗೊರಗಿ ಕೂತೇ ಬೆಳಗು ಮಾಡಿದ ಕಣ್ಣು ಕೆಂಪಾಗಿತ್ತು. ಸೊಂಟಕ್ಕೆ ಈರುಳ್ಳಿ ಸಿಪ್ಪೆ ಬಣ್ಣದ ಲೇಸು ಸುತ್ತಿಕೊಂಡಿದ್ದಳು. ಐದು ವರ್ಷದ ಬಿಸಿಲಿಗೆ ಬಣ್ಣ ಅರ್ಧ ಹೋಗಿತ್ತು. ಪರದೆಯ ಉಂಗುರಗಳನ್ನು ಕಿತ್ತುಹಾಕುವಷ್ಟೂ ತಾಳ್ಮೆ ಇರಲಿಲ್ಲವೆಂದು ಕಾಣುತ್ತದೆ. ಅವು ಅಂಚಿನಲ್ಲಿ ಗಿಲಗಿಲ ಅನ್ನುತ್ತಿದ್ದವು.

ಹೇಳಿಸಲು ಅವ್ವ ಜೊತೆಯಲ್ಲಿರಲಿಲ್ಲ. ತಾನೇ ಹೇಳಬೇಕಾಯಿತು.

"ಮದುವೆಗೆ ಬಂದಿದೀನಿ ಕಣೇ," ಎಂದಳು ಇಬಿರೊಂಕೆ. "ಊಟ ಇದೆಯೋ, ಮುಗೀತೋ?"