ದೊಡ್ಡಳಿಯನ ಭರಣಿ

ಅತ್ತೆ ಮುಖ ತೊಳೆಯಲು ಬಚ್ಚಲಿಗೆ ಹೋದದ್ದೇ ತಡ, ದೊಡ್ಡಳಿಯ ಕುರ್ಚಿಯಿಂದ ಎದ್ದ. ಮಂಚದ ಪಕ್ಕದ ಮೇಜಿನ ಮೇಲೆ ಚಿಕ್ಕಳಿಯ ಕಡೆದುಕೊಟ್ಟ ಮರದ ಭರಣಿ ರಾಣಿಯ ಹಾಗೆ ಕೂತಿತ್ತು. ಅದರೊಳಗೆ ಅತ್ತೆಯ ಕಿವಿ ಮಷಿನ್. ಮುಖ ತೊಳೆಯುವಾಗ, ಮಲಗುವಾಗ ಅವರು ಅದನ್ನು ತೆಗೆದಿಡುವ ಜಾಗ ಅದೇ. ದೊಡ್ಡಳಿಯ ಕಡೆದುಕೊಟ್ಟ ಭರಣಿಯೋ, ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿತ್ತು. ಅದು ಒಂದು ಕಡೆ, ಮುಚ್ಚಳ ಒಂದು ಕಡೆ. ಒಳಗೆ ರಬ್ಬರ್ ಬ್ಯಾಂಡು, ಪಿನ್ನು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಒಂದು ಕೀಲಿ.

ಲೇತಿನ ಮೇಲೆ ಮರ ಕಡೆಯುವ ಹುಚ್ಚನ್ನು ಈ ಮನೆಗೆ ಹತ್ತಿಸಿದವನೇ ದೊಡ್ಡಳಿಯ. ವಿಮಾ ಕಚೇರಿಯಿಂದ ಬಂದು ಅಂಗಿ ಬದಲಿಸಿದನೆಂದರೆ ಲೇತಿನ ಮುಂದೆ ಹಾಜರ್. ಉಳಿ ಹಿಡಿಯುವುದು ಹೇಗೆ, ಉದ್ದ ಕಾಲಿನ ಬಟ್ಟಲಿಗೆ ಮುರಿಯದ ಹಾಗೆ ಕಾಲು ತೆಳುವಾಗಿಸುವುದು ಹೇಗೆ ಎಂದು ಷಡ್ಡಕನಾದ ಚಿಕ್ಕಳಿಯನಿಗೆ ಕೈ ಹಿಡಿದು ಕಲಿಸಿದವನೂ ಅವನೇ. ಷಡ್ಡಕ ಹಲ್ಲಿನ ಡಾಕ್ಟರು. ಆ ಕೈಗೆ ಉಳಿ ಸಿಕ್ಕಿದ್ದೇ ಗುರುವಿಗೇ ತಿರುಮಂತ್ರವಾಯಿತು. ಈಗ ನೆಂಟರೆಲ್ಲ "ನಮಗೂ ಒಂದು ಮಾಡ್ಕೊಡಿ" ಎಂದು ಕೇಳುವುದು ಚಿಕ್ಕಳಿಯನನ್ನು. ದೊಡ್ಡಳಿಯನ ಬಟ್ಟಲು ನೋಡಿದವರು "ಪರವಾಗಿಲ್ಲ, ಹೊತ್ತು ಹೋಗತ್ತೆ" ಎನ್ನುತ್ತಾರೆ. ಆ 'ಪರವಾಗಿಲ್ಲ' ಅವನ ಹೊಟ್ಟೆಯಲ್ಲಿ ಜೀರ್ಣವಾಗದೆ ಕೂತುಬಿಟ್ಟಿತ್ತು.

ಅವನು ತನ್ನ ಭರಣಿಯಲ್ಲಿದ್ದದ್ದನ್ನೆಲ್ಲ ಕಟ್ಟೆಯ ಮೇಲೆ ಸುರಿದ, ಮಷಿನ್ ಅದರೊಳಗಿಟ್ಟ, ಮುಚ್ಚಳ ಒತ್ತಿದ. ಅದು ಸ್ವಲ್ಪ ಮೊಂಡು ಹಿಡಿಯಿತು. ಅಂಗೈಯಿಂದ ಒಂದು ಗುದ್ದು ಕೊಟ್ಟ. ಕೂತಿತು. ಕೂದಲೆಳೆಯೂ ತೂರದ ಹಾಗೆ ಕೂತಿತು! ಇದಕ್ಕೇನು ಕಮ್ಮಿ ಎಂದುಕೊಳ್ಳುತ್ತ ಅದನ್ನು ಮೇಜಿನ ಮೇಲಿಟ್ಟು, ಚಿಕ್ಕಳಿಯನದನ್ನು ಕಿಟಕಿಗೆ ಅಟ್ಟಿದ. ಅತ್ತೆ ಬಂದ ಕೂಡಲೇ ತಾನೇ ತೆಗೆದು ಕೈಗಿಡಬೇಕು, ಇನ್ನು ಮೇಲೆ ಇದರಲ್ಲೇ ಇಡಿ ಎನ್ನಬೇಕು. ಅಷ್ಟೇ ಅವನ ಲೆಕ್ಕ. ಒಮ್ಮೆ ತೆಗೆದು ನೋಡೋಣ ಎಂದು ಮುಚ್ಚಳಕ್ಕೆ ಕೈ ಹಾಕಿದ. ಬರಲಿಲ್ಲ. ತಿರುಚಿದ. ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಳೆದ. ಸರಿಯಾಗಿ ಒಣಗದ ಮರ. ದುಂಡಗಿದ್ದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಒಳಗಿನಿಂದ ಹೆಜ್ಜೆ ಸಪ್ಪಳವಾದಾಗ ಭರಣಿ ಮೇಜಿನ ಮೇಲೆ, ಅವನು ಕುರ್ಚಿಯ ಮೇಲೆ.

"ಅಳಿಯಂದ್ರೇ, ನನ್ನ ಮಷಿನ್ ಕಾಣ್ತಿಲ್ಲವಲ್ಲ!" ಅತ್ತೆ ಕಿವಿ ಕೇಳದವರ ದೊಡ್ಡ ದನಿಯಲ್ಲಿ ಕೂಗಿದರು.

"ಇಲ್ಲೇ ಎಲ್ಲೋ ಇರತ್ತೆ ಅತ್ತೆ."

"ಏನಂದ್ರಿ?"

"ಇಲ್ಲೇ ಇರತ್ತೆ!"

"ಅದೇ, ಎಲ್ಲಿ?"

ದೊಡ್ಡಳಿಯ ದಿಂಬು ಕೊಡವಿದ, ಮಂಚದ ಕೆಳಗೆ ನುಗ್ಗಿದ, ತಾನೇ ಬಚ್ಚಿಟ್ಟದ್ದನ್ನು ತಾನೇ ಬೆವರು ಸುರಿಸಿ ಹುಡುಕಿದ. ಕೊನೆಗೆ ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತು ಮೇಲಿನ ಮನೆಯ ಚಿಕ್ಕಳಿಯನನ್ನು ಕರೆದರು.

ಅವನು ಬಂದ. ಮೇಜು ನೋಡಿದ, ಕಿಟಕಿ ನೋಡಿದ, ಷಡ್ಡಕನ ಮುಖ ನೋಡಿದ. ಮೇಜಿನ ಮೇಲಿದ್ದ ಭರಣಿ ಎತ್ತಿ ಅಲ್ಲಾಡಿಸಿದ. ಲೊಟಲೊಟ. ಅಡುಗೆಮನೆಯಿಂದ ಮರದ ಸೌಟು ತಂದು, ಮುಚ್ಚಳದ ಹಿಡಿಯಿಂದ ಭರಣಿಯನ್ನು ನೇತಾಡಿಸಿ, ಬಾಯಂಚಿನ ಸುತ್ತ ಮೆಲ್ಲಗೆ ತಟ್ಟತೊಡಗಿದ, ನೋವಿರುವ ಹಲ್ಲು ಯಾವುದೆಂದು ಹುಡುಕುವವನಂತೆ. ಬರದಿರಲಿ, ಎಂದು ದೊಡ್ಡಳಿಯ ಮನಸ್ಸಿನಲ್ಲೇ ಬೇಡಿಕೊಂಡ. ಅತ್ತೆಗೆ ಹೊಸ ಮಷಿನನ್ನೇ ತಂದುಕೊಟ್ಟರಾಯಿತು, ಇವನ ಕೈಗೆ ಮಾತ್ರ ಬರದಿರಲಿ!

ಬಂತು.

"ಎಂಥಾ ಬಿಗಿ ಅಣ್ಣ ಇದು! ನಂಗೆ ಇಷ್ಟು ಬಿಗಿ ಕೂರಿಸೋಕೆ ಬರಲ್ಲ," ಎಂದ ಚಿಕ್ಕಳಿಯ. ಹೊಗಳಿದನೋ ಹಂಗಿಸಿದನೋ ತಿಳಿಯಲಿಲ್ಲ. ಅತ್ತೆಯ ಕಿವಿಗೆ ಮಷಿನ್ ಸಿಕ್ಕಿಸುತ್ತ, "ನೀವೇ ಮರೆತು ಇದರಲ್ಲಿ ಇಟ್ಟುಬಿಟ್ಟಿದ್ದೀರಿ ಅತ್ತೆ. ಪಾಪ, ಅಣ್ಣನ್ನ ಸುಮ್ಮನೆ ಗೋಳುಹೊಯ್ಕೊಂಡ್ರಿ," ಎಂದು ಹೇಳಿ ಮೆಟ್ಟಿಲು ಹತ್ತಿ ಹೋದ.

ಬೈದಿದ್ದರೂ ದೊಡ್ಡಳಿಯನಿಗೆ ಇಷ್ಟು ಉರಿಯುತ್ತಿರಲಿಲ್ಲ. ಲೇತಿನಲ್ಲಿ ಗೆದ್ದದ್ದು ಸಾಲದೆಂದು ಈಗ ದೊಡ್ಡತನದಲ್ಲೂ ಗೆದ್ದುಹೋದನಲ್ಲ!

"ಟವೆಲ್ ಮರೆತಿದ್ದೆ," ಎಂದರು ಅತ್ತೆ, ಈಗ ಸಣ್ಣ ದನಿಯಲ್ಲಿ. "ತಗೊಳ್ಳೋಕೆ ಅಂತ ವಾಪಸ್ ಬಂದವಳು ಬಾಗಿಲಲ್ಲೇ ನಿಂತಿದ್ದೆ."

ಅವನು ಗಕ್ಕನೆ ತಿರುಗಿದ. "ಮತ್ತೆ... ಅಷ್ಟು ಹೊತ್ತು ಯಾಕೆ ಹುಡುಕಿದ್ರಿ?"

"ನೀವಾಗೇ ಹೇಳ್ತೀರೇನೋ ಅಂತ ಕಾದೆ. ನನ್ನ ಭರಣೀಲಿ ಯಾಕೆ ಇಡಲ್ಲ ಅಂತ ನೀವು ಬಾಯಿಬಿಟ್ಟು ಕೇಳಿದ್ರೆ ನಾನೂ ಹೇಳ್ತಿದ್ದೆ. ನನ್ನ ಬೆರಳಲ್ಲಿ ಈಗ ಕಸುವಿಲ್ಲ ಅಳಿಯಂದ್ರೇ. ಆ ಮುಚ್ಚಳ ತೆಗೆಯೋಕೆ ಆಗಲ್ಲ. ಅಷ್ಟೇ."

ತಪ್ಪಾಯ್ತು ಎನ್ನಲೆಂದೇ ಅವನು ಬಾಯಿ ತೆರೆದ. ಬಂದದ್ದು ಬೇರೆ ಮಾತು.

"ಅವನಿಗೆ... ಅವನಿಗೂ ಗೊತ್ತಾಗಿಹೋಯ್ತಾ ಅತ್ತೆ?"

ಅತ್ತೆ ಕಿವಿಯಿಂದ ಮಷಿನ್ ಬಿಡಿಸಿಕೊಂಡು, ಕಿಟಕಿಯ ಬಳಿ ಹೋಗಿ, ಚಿಕ್ಕಳಿಯನ ಭರಣಿಯೊಳಗಿಟ್ಟು ಮುಚ್ಚಳ ಮುಚ್ಚಿದರು. ದೊಡ್ಡಳಿಯ ಇನ್ನೂ ಮಾತಾಡುತ್ತಲೇ ಇದ್ದ.